ಡ್ರಾ ಎಂಬ ಅಪವಾದ ಹೊತ್ತ ಪೆಟ್ರೋಸಿಯಾನ್

2024ರ ಡಿಸೆಂಬರಿನಲ್ಲಿ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಬಂಧುಬಳಗದಲ್ಲಿಯೂ ಚೆಸ್ ತರಗತಿಗೆ ಹೋಗುವ ಮಕ್ಕಳು ಹೆಚ್ಚಾಗಿದ್ದಾರೆ. ಸಂತೋಷದ ಸಂಗತಿಯೇ. ಆದರೆ ಪಂದ್ಯದಿಂದ ಬಂದ ಮಗು ‘ಡ್ರಾ ಆಯಿತು’ ಎಂದರೆ ಹಿರಿಯರ ಮುಖ ಬಾಡುವುದನ್ನು ನಾನು ಕಂಡಿದ್ದೇನೆ. “ಇವನಿಗೆ ಧೈರ್ಯವೇ ಸಾಲದು ಮಾವ, ಬರೀ ತಡೆಯುತ್ತಾ ಕೂರುತ್ತಾನೆ” ಎಂದು ಮೊನ್ನೆ ಒಬ್ಬರು ದೂರವಾಣಿಯಲ್ಲಿ ನೊಂದುಕೊಂಡರು. ಗುಕೇಶರು ಪಟ್ಟ ಗೆದ್ದ ಆ 14 ಆಟಗಳಲ್ಲಿ 9 ಡ್ರಾ ಆಗಿದ್ದವು ಎಂಬುದು ಅವರಿಗೆ ನೆನಪಿರಲಿಲ್ಲ. ತಡೆಯುವುದೆಂದರೆ ಹೆದರುವುದು ಎಂಬ ಈ ಎಣಿಕೆಯನ್ನು ನಾನು ಸುತರಾಂ ಒಪ್ಪೆ. ಒಪ್ಪದಿರುವುದಕ್ಕೆ ನನ್ನ ಬಳಿ ಇರುವ ದೊಡ್ಡ ಸಾಕ್ಷಿ ಟಿಗ್ರಾನ್ ಪೆಟ್ರೋಸಿಯಾನ್.

ಪೆಟ್ರೋಸಿಯಾನ್ ಹುಟ್ಟಿದ್ದು 1929ರಲ್ಲಿ, ಜಾರ್ಜಿಯಾದ ಟಿಬಿಲಿಸಿ ನಗರದಲ್ಲಿ, ಅರ್ಮೇನಿಯನ್ ಕುಟುಂಬದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಹದಿಹರೆಯದಲ್ಲಿಯೇ ಬೀದಿ ಗುಡಿಸಿ ಹೊಟ್ಟೆ ಹೊರೆಯಬೇಕಾಯಿತು. ಅವರ ಕಿವಿ ಮಂದವಾಗಿತ್ತು. ದೊಡ್ಡವರಾದ ಮೇಲೂ ಶ್ರವಣಯಂತ್ರ ಧರಿಸಿಯೇ ಆಡುತ್ತಿದ್ದರು. ಊಟದ ಕಾಸನ್ನು ಉಳಿಸಿ ನಿಮ್ಜೋವಿಚರ ಚೆಸ್ ಪುಸ್ತಕವೊಂದನ್ನು ಕೊಂಡು, ಅದು ಬಾಯಿಪಾಠವಾಗುವವರೆಗೆ ಓದಿದರೆಂದು ಹೇಳುತ್ತಾರೆ. ಎದುರಾಳಿಯ ಯೋಜನೆ ಮೊಳಕೆಯೊಡೆಯುವ ಮುನ್ನವೇ ಅದನ್ನು ತಡೆಯಬೇಕೆಂಬುದು ನಿಮ್ಜೋವಿಚರ ಬೋಧನೆಯ ತಿರುಳು. ಓದಿದವರು ಅನೇಕರು, ಅದನ್ನು ತಮ್ಮ ಸ್ವಭಾವವನ್ನಾಗಿ ಮಾಡಿಕೊಂಡವರು ಪೆಟ್ರೋಸಿಯಾನ್. 1952ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. 1963ರಲ್ಲಿ ಬೋಟ್ವಿನ್ನಿಕರನ್ನು ಹನ್ನೆರಡೂವರೆ–ಒಂಬತ್ತೂವರೆ ಅಂಕಗಳಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು.

ಸಾಮಾನ್ಯ ಆಟಗಾರ ‘ನಾನೇನು ಮಾಡಲಿ’ ಎಂದು ಯೋಚಿಸುತ್ತಾನೆ. ಪೆಟ್ರೋಸಿಯಾನರ ಮೊದಲ ಪ್ರಶ್ನೆ ‘ಇವನಿಗೆ ಬೇಕಾಗಿರುವುದೇನು’ ಎಂಬುದು. ಆ ಪ್ರಶ್ನೆಗೆ ಅವರು ಎಷ್ಟು ಬೇಗ ಉತ್ತರ ಕಂಡುಕೊಳ್ಳುತ್ತಿದ್ದರೆಂದರೆ, ಎದುರಾಳಿಯು ತನ್ನ ದಾಳಿಯನ್ನು ಇನ್ನೂ ಆಲೋಚಿಸುತ್ತಿರುವಾಗಲೇ ಅದಕ್ಕೆ ಬೇಕಾದ ಮನೆ ಮುಚ್ಚಿಹೋಗಿರುತ್ತಿತ್ತು. ನೋಡುವವರಿಗೆ ಏನೂ ನಡೆದಂತೆ ಕಾಣುವುದಿಲ್ಲ. ಬಾರದೇ ಹೋದ ಅಪಾಯಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ? ತಾಲ್ ತಮ್ಮ ಕಾಯಿಗಳನ್ನು ಬಲಿಕೊಟ್ಟು ಬೆಂಕಿ ಹಚ್ಚಿದರೆ ಊರಿಗೆಲ್ಲ ಬೆಳಕು ಕಾಣುತ್ತದೆ. ಪೆಟ್ರೋಸಿಯಾನ್ ಕಿಡಿ ಬೀಳುವ ಜಾಗವನ್ನು ಮೊದಲೇ ಒದ್ದೆ ಮಾಡಿಟ್ಟಿರುತ್ತಾರೆ.

ಒಂದು ಆಟವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಶಾಲೆಯಲ್ಲಿ ನಾವು ಬಳಸುತ್ತಿದ್ದ ಹೆಸರುಗಳನ್ನೇ ಬಳಸುತ್ತೇನೆ: ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು. 1953ರ ಜ್ಯೂರಿಕ್ ಪಂದ್ಯಾವಳಿ. ಬಿಳಿಕಾಯಿ ಅಮೆರಿಕದ ಸ್ಯಾಮ್ಯುಯೆಲ್ ರೆಷೆವ್ಸ್ಕಿಯವರದು, ಕಪ್ಪು ಪೆಟ್ರೋಸಿಯಾನರದು. ಬಿಳಿಯ ಕಾಲಾಳುಗಳು ಮಣೆಯ ನಡುವೆ ಜೊತೆಜೊತೆಯಾಗಿ ಮುಂದೊತ್ತುತ್ತಿವೆ. ಅವು ಇನ್ನೊಂದು ಹೆಜ್ಜೆ ಇಟ್ಟರೆ ಕಪ್ಪಿನ ಕೋಟೆ ಒಡೆಯುತ್ತದೆ. ಕಪ್ಪಿಗೆ ಇರುವ ಏಕೈಕ ಮದ್ದು, ಕುದುರೆಯನ್ನು ತಂದು ಆ ಕಾಲಾಳುಗಳ ಎದುರಿಗೆ ಕಟ್ಟಿಹಾಕುವುದು. ಆದರೆ ಕುದುರೆ ಹಾದುಹೋಗಬೇಕಾದ ಮನೆಯಲ್ಲಿ ಸ್ವಂತ ಆನೆಯೇ ನಿಂತಿದೆ. ಪೆಟ್ರೋಸಿಯಾನ್ ತಮ್ಮ 25ನೆಯ ನಡೆಯಲ್ಲಿ ಆ ಆನೆಯನ್ನು ಒಂದು ಮನೆ ಮುಂದಿಟ್ಟರು. ಬಿಳಿಯ ಒಂಟೆ ಅದನ್ನು ಹೊಡೆಯಬಹುದಾದ ಮನೆ ಅದು! ಆನೆಯ ಬೆಲೆ ಸುಮಾರು ಐದು ಕಾಲಾಳು, ಒಂಟೆಯದು ಮೂರು. ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರ. ರೆಷೆವ್ಸ್ಕಿ ಮುಂದಿನ ನಡೆಯಲ್ಲಲ್ಲ, ಅದರ ಮುಂದಿನ ನಡೆಯಲ್ಲಿ ಹೊಡೆದರು. ಅಷ್ಟರಲ್ಲಿ ಕುದುರೆ ತೆರವಾದ ಮನೆಗೆ ಬಂದಿತ್ತು. ಅಲ್ಲಿಂದ ಮಣೆಯ ನಟ್ಟನಡುವೆ ಕುಳಿತಿತು. ಆಮೇಲೆ ಬಿಳಿಯ ಕಾಲಾಳುಗಳು ಕದಲಲಿಲ್ಲ.

ಆಟ 41 ನಡೆಗಳಲ್ಲಿ ಡ್ರಾ ಆಯಿತು. ಎಪ್ಪತ್ತು ವರ್ಷ ಕಳೆದರೂ ಚದುರಂಗದ ಪಾಠ ಹೇಳುವವರು ಆ ನಡೆಯನ್ನು ಎತ್ತಿ ತೋರಿಸುತ್ತಲೇ ಇದ್ದಾರೆ. ಈ ‘ಡ್ರಾ’ವನ್ನು ಧೈರ್ಯವಿಲ್ಲದವನ ಆಟವೆಂದು ಕರೆಯಲು ಯಾರಿಗಾದರೂ ನಾಲಗೆ ಏಳುವುದೇ? ದಾಳಿ ಮಾಡುವಾಗ ಆನೆಯನ್ನು ಬಿಟ್ಟುಕೊಡುವವನಿಗೆ ಎದುರಿಗೆ ಗೆಲುವು ಕಾಣುತ್ತಿರುತ್ತದೆ. ಬರೀ ಒಂದು ಕುದುರೆಗೆ ಒಳ್ಳೆಯ ಜಾಗ ಸಿಗಲೆಂದು ಆನೆಯನ್ನು ಬಿಟ್ಟುಕೊಡುವುದಕ್ಕೆ ಬೇಕಾದ ಎದೆಗಾರಿಕೆ ಅದಕ್ಕಿಂತ ದೊಡ್ಡದೆಂಬುದು ನನ್ನ ಅಭಿಮತ.

ಇನ್ನು ಅವರಿಗೆ ದಾಳಿಯೇ ಬರುತ್ತಿರಲಿಲ್ಲವೆನ್ನುವವರು 1966ರ ವಿಶ್ವಪಟ್ಟದ ಪಂದ್ಯದ ಹತ್ತನೆಯ ಆಟವನ್ನು ನೋಡಬೇಕು. ಸ್ಪಾಸ್ಕಿಯವರ ರಾಜನ ಪಕ್ಕದ ಮೂಲೆಮನೆಗೆ ಪೆಟ್ರೋಸಿಯಾನ್ ತಮ್ಮ ಮಂತ್ರಿಯನ್ನೇ ನುಗ್ಗಿಸಿ ಶಹ ಕೊಟ್ಟರು. ರಾಜ ಮಂತ್ರಿಯನ್ನು ಹೊಡೆಯಲೇಬೇಕು. ಹೊಡೆದರೆ ಬಿಳಿಯ ಕುದುರೆ ಒಂದೇ ನೆಗೆತದಲ್ಲಿ ರಾಜನಿಗೂ ಕಪ್ಪು ಮಂತ್ರಿಗೂ ಗುರಿಯಿಡುತ್ತದೆ. ಸ್ಪಾಸ್ಕಿ ಅಲ್ಲಿಯೇ ಸೋಲೊಪ್ಪಿದರು. ಹತ್ತು ವರ್ಷ ಹಿಂದೆ ಸಿಮಾಗಿನರ ವಿರುದ್ಧವೂ ಇದೇ ಮೂಲೆಮನೆಗೆ ಇದೇ ಬಗೆಯಲ್ಲಿ ಮಂತ್ರಿಯನ್ನು ಕೊಟ್ಟು ಗೆದ್ದಿದ್ದರು. ಬರದೇ ಇದ್ದದ್ದಲ್ಲ, ಬೇಕೆನಿಸದೇ ಇದ್ದದ್ದು. ಆ ಪಂದ್ಯದ 24 ಆಟಗಳಲ್ಲಿ 17 ಡ್ರಾ. ಕೊನೆಗೆ ಪಟ್ಟ ಉಳಿದದ್ದು ಪೆಟ್ರೋಸಿಯಾನರಿಗೆ. 1934ರಲ್ಲಿ ಅಲೆಖಿನ್ ಗೆದ್ದ ನಂತರ, ಹಾಲಿ ಚಾಂಪಿಯನ್ ಒಬ್ಬರು ಪಂದ್ಯವನ್ನು ಗೆದ್ದು ಪಟ್ಟ ಉಳಿಸಿಕೊಂಡದ್ದು ಅದೇ ಮೊದಲು.

ಇಷ್ಟು ಹೊಗಳಿದ ಮೇಲೆ ಮತ್ತೊಂದು ಮುಖವನ್ನೂ ಹೇಳದಿದ್ದರೆ ಪಕ್ಷಪಾತವಾದೀತು. 1962ರಲ್ಲಿ ಕುರಾಸಾವೊ ದ್ವೀಪದ ಕ್ಯಾಂಡಿಡೇಟ್ಸ್ ಪಂದ್ಯಾವಳಿಯಲ್ಲಿ ಪೆಟ್ರೋಸಿಯಾನ್, ಕೆರೆಸ್, ಗೆಲ್ಲರ್ ಮೂವರೂ ತಮ್ಮತಮ್ಮೊಳಗೆ ಆಡಿದ 12 ಆಟಗಳೂ ಡ್ರಾ ಆದವು, ಅವುಗಳಲ್ಲಿ ಹೆಚ್ಚಿನವು ಬೆರಳೆಣಿಕೆಯ ನಡೆಗಳಲ್ಲಿ. ಹತ್ತೊಂಬತ್ತರ ಹರೆಯದ ಬಾಬಿ ಫಿಶರ್ ಇದು ಒಳಸಂಚೆಂದು ಬಹಿರಂಗವಾಗಿ ದೂರಿದರು. ಆಮೇಲೆ ಅಂತರರಾಷ್ಟ್ರೀಯ ಸಂಸ್ಥೆಯು ಆ ಪದ್ಧತಿಯನ್ನೇ ಬದಲಿಸಿ, ಇಬ್ಬರು ಎದುರುಬದುರು ಆಡುವ ಪಂದ್ಯಗಳನ್ನು ತಂದಿತು. ಫಿಶರರ ಮಾತು ಒರಟಾಗಿದ್ದರೂ ಸಿಟ್ಟು ನ್ಯಾಯವಾದದ್ದೆಂದೇ ನಾನು ಎಣಿಸುತ್ತೇನೆ. ಆಡಿ ಡ್ರಾ ಆಗುವುದು ಬೇರೆ, ಆಡದೆ ಡ್ರಾ ಮಾಡಿಕೊಳ್ಳುವುದು ಬೇರೆ. ಪರೀಕ್ಷೆಯಲ್ಲಿ ಕಷ್ಟದ ಲೆಕ್ಕವನ್ನು ಅರ್ಧದವರೆಗೆ ಬಿಡಿಸಿದವನಿಗೂ, ಖಾಲಿ ಹಾಳೆ ಕೊಟ್ಟು ಎದ್ದುಹೋದವನಿಗೂ ನಾನು ಒಂದೇ ಅಂಕ ಕೊಟ್ಟವನಲ್ಲ. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಗೊತ್ತು.

ಎಲ್ಲ ಅಪಾಯವನ್ನೂ ಕಾಣುವ ಕಣ್ಣಿಗೂ ಒಮ್ಮೊಮ್ಮೆ ಪೊರೆ ಬರುತ್ತದೆ. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಬ್ರಾನ್‌ಸ್ಟೈನರನ್ನು ಉಸಿರಾಡದಂತೆ ಬಿಗಿಹಿಡಿದು, ಗೆಲುವು ಕೈಯಲ್ಲಿದ್ದಾಗ, ಕಪ್ಪಿನಲ್ಲಿ ಓಡಾಡುತ್ತಿದ್ದ ಒಂದೇ ಒಂದು ಕುದುರೆ ತಮ್ಮ ಮಂತ್ರಿಯ ಮೇಲೆ ಗುರಿಯಿಟ್ಟದ್ದನ್ನು ಪೆಟ್ರೋಸಿಯಾನ್ ಗಮನಿಸಲಿಲ್ಲ. ಮಂತ್ರಿ ಹೋಯಿತು, ಆಟವೂ ಹೋಯಿತು. ಈ ಪ್ರಸಂಗ ಓದಿದಾಗಲೆಲ್ಲ ನನಗೆ ಅವರ ಮೇಲೆ ಪ್ರೀತಿ ಹೆಚ್ಚುತ್ತದೆ.

1969ರಲ್ಲಿ ಪಟ್ಟ ಸ್ಪಾಸ್ಕಿಯವರ ಪಾಲಾಯಿತು. 1971ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಫಿಶರರ ಸತತ ಗೆಲುವಿನ ಓಟವನ್ನು ಎರಡನೆಯ ಆಟದಲ್ಲಿ ನಿಲ್ಲಿಸಿದವರು ಪೆಟ್ರೋಸಿಯಾನರೇ, ಆದರೆ ಒಟ್ಟು ಪಂದ್ಯದಲ್ಲಿ ಸೋತರು. 1984ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಇಂದು ಅರ್ಮೇನಿಯಾದ 2000 ದ್ರಾಮಿನ ನೋಟಿನ ಮೇಲೆ ಅವರ ಚಿತ್ರವಿದೆ. 1958ರಿಂದ 1978ರವರೆಗೆ ಹತ್ತು ಒಲಿಂಪಿಯಾಡ್‌ಗಳಲ್ಲಿ ಅವರು ಆಡಿದ್ದು 129 ಆಟ. ಅದರಲ್ಲಿ ಡ್ರಾ 50 ಎಂದು ಟೀಕಾಕಾರರು ಎಣಿಸಬಹುದು; ಗೆಲುವು 78 ಎಂಬುದನ್ನೂ ಎಣಿಸಲಿ. ಸೋಲು ಒಂದೇ ಒಂದು: 1972ರಲ್ಲಿ ಸ್ಕೋಪ್ಯೆಯಲ್ಲಿ, ಜರ್ಮನಿಯ ಹ್ಯೂಬ್ನರರ ಎದುರು. ಅದೂ ಗಡಿಯಾರದ ಸಮಯ ಮೀರಿ.