ಇದ್ದಲಿಗೆ ಮಣಿಯದ ಲೋಹ

ಬೋರಮಾಳವನ್ನೋ ತಾಳಿಯ ಗುಂಡನ್ನೋ ಮಾಡಿಕೊಡುವ ಹುನಗುಂದದ ಕಡೆಯ ಪತ್ತಾರರಿಗೆ ಹಿಂದಿನಿಂದ ಬಂದ ಆಸ್ತಿಯೆಂದರೆ ಅಗ್ಗಿಷ್ಟಿಕೆ, ಊದುಗೊಳವೆ, ಮೂಸೆ. ಇವೆಲ್ಲಕ್ಕಿಂತ ಮಿಗಿಲಾಗಿ ಪಳಗಿದ ಕಣ್ಣು. ಚಿನ್ನವು 1064 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಯಾವ ಮಾಪಕದ ನೆರವೂ ಇಲ್ಲದೆ, ಮೂಸೆಯ ಬಣ್ಣವನ್ನು ಕಂಡೇ ಆ ಹದವನ್ನರಿಯುವುದು ತಂದೆಯಿಂದ ಮಗನಿಗಿಳಿದ ವಿದ್ಯೆ. ಚಿನ್ನವೇನೋ ಈ ಸೀಮೆಗೆ ನೆರೆಯದು. ಹಟ್ಟಿಯ ಗಣಿ ಇರುವುದು ಪಕ್ಕದ ರಾಯಚೂರು ಜಿಲ್ಲೆಯಲ್ಲಿ. ಪ್ಲಾಟಿನಂ ಮಾತ್ರ ದೂರದ ನೆಂಟ. ಅದರ ಉಂಗುರವನ್ನು ಬಯಸುವ ಗಿರಾಕಿ ಬಂದಾಗ ಅಗ್ಗಿಷ್ಟಿಕೆ ಸೋಲುತ್ತದೆ.

ಪ್ಲಾಟಿನಂ ಕರಗಲು 1768 ಡಿಗ್ರಿ ಬೇಕು. ಊದುಗೊಳವೆಯ ಉಸಿರಿಗೆ ಅಷ್ಟು ಕಾವು ಎಟುಕದು. ಎಟುಕಿದರೂ ಫಲವಿಲ್ಲ, ಕರಗಿದ ಪ್ಲಾಟಿನಂ ಇದ್ದಲಿನ ಇಂಗಾಲವನ್ನು ಹೀರಿ ಪೆಡಸಾಗುತ್ತದೆ. ಚಿನ್ನಕ್ಕೆ ಒಗ್ಗುವ ಗ್ರಾಫೈಟ್ ಮೂಸೆಯೂ ಅದೇ ಕಾರಣದಿಂದ ಇದಕ್ಕೆ ಸಲ್ಲದು.

ಹಾಗಾದರೆ ಕಿಚ್ಚೇ ಮುಟ್ಟದಂತೆ ಲೋಹವನ್ನು ಕಾಯಿಸುವುದೆಂತು? 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ ಪ್ರೇರಣೆಯೇ ಇದಕ್ಕೆ ಉತ್ತರ. ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ, ಅದರೊಳಗೆ ತಣ್ಣೀರನ್ನು ಹರಿಯಬಿಟ್ಟು, ಕ್ಷಣಕ್ಕೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತನ್ನು ಹಾಯಿಸುತ್ತಾರೆ. ಸುರುಳಿಯ ನಡುವೆ ಸಿಲಿಕಾ ಮೂಸೆ. ಅದರಲ್ಲಿರುವ ಪ್ಲಾಟಿನಮ್ಮಿನಲ್ಲೇ ವಿದ್ಯುತ್ತಿನ ಸುಳಿಗಳೆದ್ದು ಲೋಹವು ತನ್ನೊಳಗಿಂದಲೇ ಕಾಯುತ್ತದೆ. ಮನೆಯ ಇಂಡಕ್ಷನ್ ಒಲೆಯನ್ನು ಬಲ್ಲ ಗೃಹಿಣಿಯರಿಗೆ ಈ ತತ್ತ್ವ ಹೊಸದಲ್ಲ. ಅಲ್ಲಿ ಕಾಯುವುದು ಪಾತ್ರೆಯ ತಳ. ಇಲ್ಲಿ ಮೂಸೆಯಲ್ಲ, ಮೂಸೆಯೊಳಗಿನ ಸರಕು.

ವಿಚಿತ್ರವೆಂದರೆ, ಕಾವು ಹೊಸದಾದರೂ ಅಚ್ಚಿನ ಉಪಾಯ ಹಳೆಯದೇ. ಮೇಣದಲ್ಲಿ ಆಕೃತಿ ಮಾಡಿ, ಅಚ್ಚಿನ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಆ ಪೊಳ್ಳಿಗೆ ಲೋಹವನ್ನೆರೆಯುವ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲೇ ತನ್ನ ‘ಮಾನಸೋಲ್ಲಾಸ’ದಲ್ಲಿ ಬರೆದಿಟ್ಟಿದ್ದಾನೆ. ಮೇಣದ ತೂಕಕ್ಕೆ ಬೆಳ್ಳಿ 12ರಷ್ಟು, ಚಿನ್ನ 16ರಷ್ಟು ಎಂಬುದು ಅವನ ಲೆಕ್ಕ. ಪ್ಲಾಟಿನಮ್ಮಿಗೆ ಸುಮಾರು 21ರಷ್ಟು ಹಿಡಿಯಬೇಕು. ಅದು ಅಷ್ಟು ಭಾರ. ಅಲ್ಲದೆ ಕ್ಷಣದಲ್ಲಿ ಗಟ್ಟಿಯಾಗುವ ಇದನ್ನು ಸಾವಧಾನವಾಗಿ ಸುರಿಯಲಾಗದು. ಮೂಸೆ, ಅಚ್ಚು ಎರಡನ್ನೂ ಒಂದು ತೋಳಿನ ಮೇಲಿರಿಸಿ ಗಿರ್ರನೆ ತಿರುಗಿಸಿದರೆ ಲೋಹವು ರಭಸದಿಂದ ಸಂದುಸಂದಿಗೂ ನುಗ್ಗುತ್ತದೆ.

ಪತ್ತಾರನ ಕಣ್ಣಿಗೆ ಇಲ್ಲಿ ಕೆಲಸವಿಲ್ಲ. ಕರಗಿದ ಪ್ಲಾಟಿನಮ್ಮಿನ ಬೆಳಕನ್ನು ಕಪ್ಪು ಗಾಜಿಲ್ಲದೆ ನೋಡಿದರೆ ದೃಷ್ಟಿಗೇ ಕುತ್ತು. ಯಂತ್ರದ ಬೆಲೆಯೂ ಹಗುರಲ್ಲ; ಅಪರೂಪಕ್ಕೊಂದು ಉಂಗುರ ಮಾಡುವ ಸಣ್ಣ ಅಂಗಡಿಗೆ ಅದು ಗಿಟ್ಟದು. ಎರಕವನ್ನು ನಗರದಲ್ಲಿ ಹೊಯ್ಯಿಸಿ ತಂದರೂ ಅರ ಹಾಕುವುದು, ಹರಳು ಕೂರಿಸುವುದು, ಮೆರುಗು ಕೊಡುವುದು ಕೈಯ ಕೆಲಸವೇ. ಅದಕ್ಕೆ ಬೇರೆಯೇ ಒಂದು ಅರವನ್ನೂ ಪುಡಿ ಹಿಡಿಯಲು ಬೇರೆ ಡಬ್ಬಿಯನ್ನೂ ಇಟ್ಟುಕೊಳ್ಳಬೇಕು. ಚಿನ್ನದ ಪುಡಿಯೊಡನೆ ಪ್ಲಾಟಿನಂ ಪುಡಿ ಬೆರೆತರೆ ಎರಡೂ ಕೆಟ್ಟಂತೆ.