ಬೀಜದ ಜೊತೆ ಬರುವ ನಂಜು

ಟೊಮೆಟೊ ತಳಿಗಾರರು ಕಣ್ಣುಮುಚ್ಚಿ ನೆಚ್ಚಿಕೊಂಡಿದ್ದ ಜೀನ್ ಒಂದಿದೆ: ಟಿಎಂ-2². ಕಾಡು ಟೊಮೆಟೊದಿಂದ ಬಂದದ್ದು. ಮೊಸಾಯಿಕ್ ನಂಜು ಒಂದು ಜೀವಕೋಶದಿಂದ ಇನ್ನೊಂದಕ್ಕೆ ದಾಟಲು ಬಳಸುವ ಪ್ರೊಟೀನನ್ನು ಗುರುತು ಹಿಡಿದು, ಸೋಂಕು ಅಲ್ಲಿಂದ ಮುಂದೆ ಹೋಗದಂತೆ ತಡೆಯುವುದು ಅದರ ಕೆಲಸ. ದಶಕಗಳ ಕಾಲ ಈ ಕಾವಲು ಗಟ್ಟಿಯಾಗಿ ನಿಂತಿತ್ತು. 2014ರಲ್ಲಿ ಇಸ್ರೇಲಿನಲ್ಲಿ, ಮರುವರ್ಷ ಜೋರ್ಡಾನಿನಲ್ಲಿ ಅದನ್ನು ದಾಟಿದ ಹೊಸ ವೈರಸ್ ಕಾಣಿಸಿಕೊಂಡಿತು. ಹೆಸರು ಟೊಮೆಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್. ಎಲೆ ಸಣ್ಣದಾಗಿ, ಹಣ್ಣಿನ ಮೇಲೆ ಹಳದಿ ಮಚ್ಚೆಯೋ ಕಂದು ಸುಕ್ಕೋ ಎದ್ದರೆ ಮಾಲು ಮಂಡಿಯಲ್ಲಿ ಬಿಕರಿಯಾಗದು. ಕೆಲವೇ ವರ್ಷಗಳಲ್ಲಿ ಅದು ಯುರೋಪ್, ಮೆಕ್ಸಿಕೊ, ಚೀನಾಕ್ಕೂ ಹಬ್ಬಿತು. 2019ರಲ್ಲಿ ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ಆಮದು ಬೀಜದ ಪರೀಕ್ಷೆಯನ್ನು ಕಡ್ಡಾಯ ಮಾಡಿದವು.

ನಾವು ಎಚ್ಚರಾಗಬೇಕಾದದ್ದು ರಾಣೆಬೆನ್ನೂರು ಸೀಮೆಯಲ್ಲಿ. ಹೈಬ್ರಿಡ್ ತರಕಾರಿ ಬೀಜದ ದೊಡ್ಡ ಕೇಂದ್ರವದು. ಅಲ್ಲಿನ ಕ್ರಾಸಿಂಗ್ ಕೆಲಸವೆಲ್ಲ ಕೈಯಲ್ಲೇ, ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲಿ: ಅರಳದ ಮೊಗ್ಗಿನಿಂದ ಚಿಮಟದಲ್ಲಿ ಗಂಡು ಭಾಗ ಕಿತ್ತು, ಆಮೇಲೆ ಪರಾಗ ಸೋಕಿಸಿ, ಮುಂದಿನ ಗಿಡಕ್ಕೆ ಹೋಗುವುದು. ಈ ವೈರಸ್ಸಿಗೆ ಬೇಕಾದದ್ದೂ ಅಷ್ಟೇ. ಅದಕ್ಕೆ ಬಿಳಿನೊಣದ ಹಂಗಿಲ್ಲ. ರಸ ಅಂಟಿದ ಬೆರಳು, ಕತ್ತರಿ, ಸುತಲಿ, ಕ್ರೇಟು ಸಾಕು. ಬೀಜದ ಸಿಪ್ಪೆಯ ಮೇಲೂ ಅದು ತಿಂಗಳುಗಟ್ಟಲೆ ಬದುಕುತ್ತದೆ. ಎಲೆ ಮುದುರಿದರೆ ಬಿಳಿನೊಣಕ್ಕೆ ಔಷಧಿ ಹೊಡೆದು ರೂಢಿಯಾದ ರೈತ ಇಲ್ಲೂ ಪಂಪು ಹೊತ್ತು ಹೊರಟರೆ ದುಡ್ಡು ದಂಡ.

ಬೀಜದ ಪ್ಯಾಕೆಟ್ಟಿನ ಮೇಲೆ ‘ವೈರಸ್ ನಿರೋಧಕ’ ಎಂದಷ್ಟೇ ಅಚ್ಚು ಹಾಕುವುದು ಇನ್ನು ನಿಲ್ಲಲಿ. ಯಾವ ವೈರಸ್ಸು? ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಅರ್ಕಾ ರಕ್ಷಕ್ ಒಳ್ಳೆಯ ಟೊಮೆಟೊ ತಳಿ. ಅದು ಎಲೆ ಮುದುರು ರೋಗ, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಎಂದು ಮೂರನ್ನೂ ಹೆಸರಿಟ್ಟು ಹೇಳುತ್ತದೆ. ಆ ಮೂರರಲ್ಲಿ ಈ ಹೊಸ ವೈರಸ್ ಇಲ್ಲ.

ಹೊಸ ಜೀನ್ ಹುಡುಕಾಟ ನಡೆಯಲಿ, ಆದರೆ ಅದಕ್ಕೆ ಕಾಯುತ್ತಾ ಕೂರುವಂತಿಲ್ಲ. ಕರಾರಿನ ಮೇಲೆ ಬೀಜ ಬೆಳೆಸುವ ಕಂಪನಿಗಳು ಪೇರೆಂಟ್ ಬೀಜವನ್ನು (ಕ್ರಾಸಿಂಗ್‌ಗೆ ಬೇಕಾದ ಗಂಡು, ಹೆಣ್ಣು ತಳಿಯ ಬೀಜ) ರೈತನ ಕೈಗೆ ಕೊಡುವ ಮೊದಲೇ ಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನೂ ಜೊತೆಗಿಡಬೇಕು. ಪ್ರತಿ ಸಾಲಿಗೊಮ್ಮೆ ಕೈ, ಚಿಮಟ ತೊಳೆಯುವ ವ್ಯವಸ್ಥೆ ಬೇಕು. ಕೆನೆ ತೆಗೆದ ಹಾಲಿನ ಪುಡಿ ಕದಡಿದ ನೀರೂ ಈ ಜಾತಿಯ ವೈರಸ್ಸಿಗೆ ಕಡಿವಾಣ ಹಾಕುತ್ತದೆ. ಹಾಗೆ ತೊಳೆಯಲು ನಿಂತ ಹೊತ್ತಿಗೆ ಕೂಲಿ ಮುರಿಯಬಾರದು. ಕಂಪನಿಯ ಪೇರೆಂಟ್ ಬೀಜದಿಂದಲೇ ನಂಜು ಬಂದು ಲಾಟು ತಿರಸ್ಕೃತವಾದರೆ ಆ ನಷ್ಟ ಕಂಪನಿಯದ್ದು ಎಂಬ ಮಾತು, ಮುಂದಿನ ಹಂಗಾಮಿನ ಕರಾರು ಪತ್ರದಲ್ಲೇ ಬರಬೇಕು.