ಕರಿಹಲಗೆಯ ಪಕ್ಕದ ಹೊಸ ನೆಂಟ

ಪಾಠಶಾಲೆಗೆ ಹೊಸ ಯಂತ್ರವೊಂದು ಬಂದಾಗಲೆಲ್ಲ ಎರಡು ಬಗೆಯ ಮಾತು ಕಿವಿಗೆ ಬೀಳುವುದು ವಾಡಿಕೆ. ‘ಇನ್ನು ಮಾಸ್ತರರಿಗೆ ಕೆಲಸವಿಲ್ಲ’ ಎಂಬುದು ಒಂದು. ‘ಇನ್ನು ದಡ್ಡ ಹುಡುಗನೇ ಇರಲಾರ’ ಎಂಬುದು ಇನ್ನೊಂದು. ಬಾನುಲಿ ಬಂದಾಗ ಈ ಮಾತು ಹುಟ್ಟಿತು, ದೂರದರ್ಶನ ಬಂದಾಗ ಬೆಳೆಯಿತು, ಗಣಕಯಂತ್ರ ಬಂದಾಗ ಮನೆಮನೆಯ ಮಾತಾಯಿತು. ಈಗ ಕೃತಕ ಬುದ್ಧಿಮತ್ತೆಯ ಸರದಿ. ಚಿಕ್ಕೋಡಿ ತಾಲೂಕಿನ ಕಬ್ಬೂರಿನಂಥ ಊರಿನಲ್ಲಿಯೂ ಈ ಹೊಸ ನೆಂಟ ಮಾಸ್ತರರ ಅಂಗಿಯ ಕಿಸೆಯೊಳಗಿನ ಫೋನಿನಲ್ಲಿ ಬಂದು ಕುಳಿತಿದ್ದಾನೆ. ಅವನನ್ನು ತರಗತಿಯೊಳಕ್ಕೆ ಬರಮಾಡಿಕೊಳ್ಳಬೇಕೆ, ಹೊರಜಗಲಿಯಲ್ಲಿಯೇ ನಿಲ್ಲಿಸಬೇಕೆ? ಉತ್ತರಿಸುವ ಮುನ್ನ, ಹಿಂದೆ ಬಂದುಹೋದ ನೆಂಟರನ್ನೊಮ್ಮೆ ನೆನೆಯುವುದು ಲೇಸು.

ಅಥಣಿಯ ಗಡಿ ದಾಟಿದರೆ ವಿಜಯಪುರ ಜಿಲ್ಲೆ. ಆಗ ಬಿಜಾಪುರವೆನಿಸಿದ್ದ ಆ ಜಿಲ್ಲೆಯ ಹಳ್ಳಿಗಳಲ್ಲಿ 1975ರ ಆಗಸ್ಟ್ ತಿಂಗಳಲ್ಲಿ ಒಂದು ಸೋಜಿಗ ಮೊದಲಾಯಿತು. ತಂತಿಬಲೆಯ ದೊಡ್ಡ ತಟ್ಟೆಯೊಂದು ಆಕಾಶಕ್ಕೆ ಮುಖಮಾಡಿ ನಿಂತಿತು. ಅದರಡಿಯಲ್ಲಿ ದೂರದರ್ಶನದ ಪೆಟ್ಟಿಗೆ ಮಾತನಾಡತೊಡಗಿತು. ಅಮೆರಿಕದಿಂದ ಎರವಲು ತಂದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ‘ಸೈಟ್’ ಪ್ರಯೋಗವದು. ಕರ್ನಾಟಕದ ಪಾಲಿಗೆ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಸೇರಿದ್ದವು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆಂದು ಕನ್ನಡದಲ್ಲಿ 22 ನಿಮಿಷಗಳಷ್ಟು ಕಾರ್ಯಕ್ರಮ ಬರುತ್ತಿತ್ತು. ಎಂದೂ ಕಾಣದ ಕಡಲನ್ನೂ ಕಾರ್ಖಾನೆಯನ್ನೂ ಮಕ್ಕಳಿಗೆ ತೋರಿಸಬಲ್ಲ ಸಾಧನ ಅದಾಗಿತ್ತೆಂಬುದು ಸಣ್ಣ ಸಂಗತಿಯಲ್ಲ. ಆದರೆ ಮಗು ‘ಏಕೆ?’ ಎಂದು ಕೇಳಿದರೆ ಆ ಪೆಟ್ಟಿಗೆಗೆ ಕಿವಿಯಿರಲಿಲ್ಲ. ಕೇಳಿಸಿಕೊಳ್ಳುವ ಕಿವಿ ಪಕ್ಕದಲ್ಲಿ ನಿಂತ ಮಾಸ್ತರರದು ಮಾತ್ರ. ಪ್ರಯೋಗವನ್ನು ಯೋಜಿಸಿದವರು ಇದನ್ನು ಬಲ್ಲವರಾಗಿದ್ದರು. ಆದುದರಿಂದಲೇ ಅದೇ ಸಾಧನದಿಂದ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಕೊಟ್ಟರು. 1976ರ ಜುಲೈ 31ಕ್ಕೆ ಒಂದು ವರ್ಷದ ಗಡುವು ಮುಗಿಯಿತು, ಎರವಲು ತಂದ ಉಪಗ್ರಹ ಹಿಂದಿರುಗಿತು. ಮಾಸ್ತರರು ಕಲಿತದ್ದನ್ನು ಮಾತ್ರ ಯಾರೂ ಹಿಂದಕ್ಕೆ ಒಯ್ಯಲಾಗಲಿಲ್ಲ.

2004ರ ಸೆಪ್ಟೆಂಬರ್ 20ರಂದು ನಮ್ಮವರೇ ಕಟ್ಟಿದ ‘ಎಜುಸ್ಯಾಟ್’ ಶ್ರೀಹರಿಕೋಟೆಯಿಂದ ಏರಿತು. ಶಿಕ್ಷಣಕ್ಕೆಂದೇ ಮೀಸಲಾದ ಈ ಉಪಗ್ರಹ 2010ರಲ್ಲಿ ನಿವೃತ್ತವಾಯಿತು. ಉಪಗ್ರಹಕ್ಕೂ ಆಯುಷ್ಯದ ಮಿತಿಯುಂಟು.

ತೀರ ಕಠಿಣ ಪರೀಕ್ಷೆ ಬಂದುದು 2020ರಲ್ಲಿ. ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ‘ವಿದ್ಯಾಗಮ’ ಯೋಜನೆಯಡಿ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರು ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು: ಅಂತರಜಾಲವಿರುವ ಫೋನಿನವರು, ಸಾದಾ ಫೋನಿನವರು, ಏನೂ ಇಲ್ಲದವರು. ಒಂದೇ ಬೆಂಚಿನಲ್ಲಿ ಕೂಡುತ್ತಿದ್ದ ಮಕ್ಕಳ ನಡುವೆ ಯಂತ್ರವೊಂದು ಗೆರೆ ಎಳೆದುದು ಹೀಗೆ. ಆ ಗೆರೆಯನ್ನು ಅಳಿಸಲು ಮಾಸ್ತರರು ಗುಡಿಯ ಪೌಳಿಗೂ ಮರದ ನೆರಳಿಗೂ ನಡೆದುಹೋಗಿ ಪಾಠ ಹೇಳಬೇಕಾಯಿತು.

ಈಗಿನ ನೆಂಟನ ವಿಷಯಕ್ಕೆ ಬರೋಣ. 2023ರಲ್ಲಿ ‘ಶಿಕ್ಷಣ ಫೌಂಡೇಶನ್’ ಹಾಗೂ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗಗಳು ಕೂಡಿ ಬೆಂಗಳೂರಿನ ಸುತ್ತಣ ಸರ್ಕಾರಿ ಶಾಲೆಗಳಲ್ಲಿ ‘ಶಿಕ್ಷಾ ಕೋಪೈಲಟ್’ ಎಂಬ ಸಾಧನವನ್ನು ಪರೀಕ್ಷೆಗೆ ಒಡ್ಡಿದವು. ತರಗತಿ, ವಿಷಯ, ಅಧ್ಯಾಯಗಳನ್ನು ತಿಳಿಸಿದರೆ ಅದು ಕೆಲವೇ ನಿಮಿಷಗಳಲ್ಲಿ ಪಾಠದ ಯೋಜನೆಯನ್ನು ಬರೆದುಕೊಡುತ್ತದೆ. ತಿದ್ದುವ ಅಧಿಕಾರ ಶಿಕ್ಷಕರದು. ಪಾಠದ ಟಿಪ್ಪಣಿ ಬರೆಯುವುದರಲ್ಲಿಯೇ ಸಂಜೆಯನ್ನು ಕಳೆಯುವ ಮಾಸ್ತರರಿಗೆ ಇದೊಂದು ದೊಡ್ಡ ಉಪಕಾರವೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಕಬ್ಬೂರಿನ ಕಡೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರರೊಬ್ಬರನ್ನು ಊಹಿಸಿಕೊಳ್ಳಿರಿ. ಅಂದಿನ ಪಾಠ ವಿಸ್ತೀರ್ಣ. ಇಂಥ ಯಂತ್ರವೊಂದು ಈಜುಕೊಳದ ಅಥವಾ ಟೆನಿಸ್ ಅಂಗಳದ ಉದಾಹರಣೆ ಕೊಟ್ಟಿತೆನ್ನೋಣ. ಲೆಕ್ಕ ಸರಿಯೇ, ಮಕ್ಕಳು ಮಾತ್ರ ಸುಮ್ಮನೆ ಕುಳಿತಿರುತ್ತಾರೆ. ಮಾಸ್ತರರು ಈಜುಕೊಳವನ್ನು ಅಳಿಸಿ ಕಬ್ಬಿನ ಹೊಲವನ್ನು ಬರೆಯುತ್ತಾರೆ. 33 ಅಡಿ ಉದ್ದ, 33 ಅಡಿ ಅಗಲವಾದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ‘ನಿಮ್ಮ ಹೊಲ ಎಷ್ಟು ಗುಂಟೆ?’ ಎಂದೊಡನೆ ಕೋಣೆಯೆಲ್ಲ ಮಾತಾಗುತ್ತದೆ. ಮನೆಯಲ್ಲಿ ಮರಾಠಿಯಾಡುವ ಹುಡುಗಿಯೊಬ್ಬಳು ‘ಕ್ಷೇತ್ರಫಳ’ ಎನ್ನುತ್ತಾಳೆ. ಪುಸ್ತಕದಲ್ಲಿ ಆ ಶಬ್ದವಿಲ್ಲ. ಆದರೆ ಅವಳು ಹೇಳಿದ್ದು ವಿಸ್ತೀರ್ಣವನ್ನೇ ಎಂಬುದು ಗಡಿನಾಡಿನ ಮಾಸ್ತರರಿಗೆ ತಿಳಿದಿದೆ. ‘ಸರಿ, ಅದಕ್ಕೆ ನಾವು ಇಲ್ಲಿ ವಿಸ್ತೀರ್ಣವೆನ್ನುತ್ತೇವೆ’ ಎಂಬ ಒಂದು ಮಾತಿನಿಂದ ಆ ಮಗು ಪಾಠದೊಳಕ್ಕೆ ಬರುತ್ತದೆ. ಆ ಮಾತು ಬಾರದಿದ್ದರೆ ವರ್ಷವೆಲ್ಲ ಹೊಸ್ತಿಲಲ್ಲಿಯೇ ನಿಂತಿರುತ್ತದೆ.

ಹೀಗೆಂದು ಯಂತ್ರವನ್ನು ಹಳಿಯಬೇಕಾಗಿಲ್ಲ. ‘ಜಿಯೋಜಿಬ್ರಾ’ ಎಂಬುದೊಂದು ಗಣಿತದ ತಂತ್ರಾಂಶವಿದೆ; ಶಾಲೆಗಳಿಗೆ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ತ್ರಿಭುಜದ ಒಂದು ಮೂಲೆಯನ್ನು ಹಿಡಿದೆಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಾಗಿಯೇ ನಿಲ್ಲುತ್ತದೆ. ಸೀಮೆಸುಣ್ಣದಿಂದ ನೂರು ತ್ರಿಭುಜ ಬರೆದರೂ ಈ ಚಲನೆಯನ್ನು ತೋರಿಸಲಾಗದು. ಇಲ್ಲಿಯೂ ಜಾಣ ಮಾಸ್ತರರು ಎಳೆಯುವ ಮುನ್ನ ಕೈ ತಡೆಯುತ್ತಾರೆ: ‘ಮೊತ್ತ ಹೆಚ್ಚೀತೋ, ಕಡಿಮೆಯಾದೀತೋ, ಹೇಳಿರಿ.’ ಮಕ್ಕಳು ಊಹಿಸಿ, ವಾದಿಸಿ, ಆಮೇಲೆ ನೋಡುತ್ತಾರೆ. ಕಲಿಕೆ ನಡೆಯುವುದು ಆ ವಾದದಲ್ಲಿ. ತೆರೆ ಕೊಡುವುದು ತೀರ್ಪು ಮಾತ್ರ.

ಆದುದರಿಂದ ಹೊಸ ಸಾಧನವನ್ನು ಒರೆಗೆ ಹಚ್ಚಲು ಶಿಕ್ಷಕರಿಗೆ ತಜ್ಞರ ವರದಿಗಿಂತ ಮೊದಲು ಬೇಕಾದುದು ಒಂದೇ ಪ್ರಶ್ನೆಯೆಂದು ತೋರುತ್ತದೆ: ಯಂತ್ರ ಮಾತು ನಿಲ್ಲಿಸಿದ ಮೇಲೆ ಮಕ್ಕಳು ಮಾತನಾಡುತ್ತಾರೆಯೆ? ಮಾತನಾಡಿದರೆ ಅದಕ್ಕೆ ಕರಿಹಲಗೆಯ ಪಕ್ಕದಲ್ಲಿ ಮೊಳೆ ಹೊಡೆದು ಜಾಗ ಕೊಡಬಹುದು. ಮಕ್ಕಳು ಮೂಕರಾಗಿ ಕುಳಿತರೆ, ಅದು ಎಷ್ಟೇ ಬೆಲೆಬಾಳಲಿ, ಮರಳಿ ಪೆಟ್ಟಿಗೆಯಲ್ಲಿಡುವುದು ಒಳಿತು. ಶಾಲೆಗೆ ಉಪಕರಣ ಒದಗಿಸುವ ಅಧಿಕಾರಿಗಳೂ ದಾನಿಗಳೂ ಇನ್ನೊಂದು ಮಾತನ್ನು ನೆನಪಿಡತಕ್ಕದ್ದು: ಪೆಟ್ಟಿಗೆಗೆ ಸುರಿದ ಹಣದ ಒಂದು ಪಾಲನ್ನಾದರೂ ಅದನ್ನು ಬಳಸುವವರ ತರಬೇತಿಗೆ ತೆಗೆದಿಡಬೇಕು. ಉಪಗ್ರಹಗಳು ಬಂದುಹೋಗುತ್ತವೆ, ನಾಳೆ ಬೆಳಿಗ್ಗೆ ಹಾಜರಿ ಕರೆಯುವಾಗ ಒಬ್ಬೊಬ್ಬರ ಮುಖ ನೋಡಿ ಹೆಸರು ಹಿಡಿದು ಕೂಗುವವರು ಮಾಸ್ತರರೇ.